ಲಕ್ಷದ ಮೇಲೊಂದು ಬತ್ತಿ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕುಳಿತು, ಕನ್ನಡಕ ಒರೆಸಿ ಎದ್ದುಬಿಟ್ಟಿದ್ದೇನೆ. ಇವತ್ತು ಕೊಟ್ಟೂರಿನ ಅಂಗಡಿಯವನು ಯಂತ್ರದಲ್ಲಿ ಮಾಡಿದ ಹೂಬತ್ತಿಯ ಪೊಟ್ಟಣವೊಂದನ್ನು ಕೈಗಿಟ್ಟ. ಮೇಲೆ ‘ನೂರು’ ಎಂದು ಅಚ್ಚಾಗಿತ್ತು. ಎಣಿಸಿದೆ. ನೂರೇ ಇದ್ದವು. ಯಂತ್ರ ನನಗಿಂತ ಪ್ರಾಮಾಣಿಕ.

ಹಿಂದೊಂದು ಕಾರ್ತಿಕದಲ್ಲಿ ನಮ್ಮ ಓಣಿಯ ಹೆಂಗಸರು ಲಕ್ಷಬತ್ತಿ ಹಚ್ಚಲು ಹೊರಟಿದ್ದರು. ಸೊನ್ನೆಯಲ್ಲಿ ಮುಗಿಸಬಾರದೆಂದು ಲಕ್ಷದ ಮೇಲೊಂದು ಸೇರಿಸುವುದು ಅವರ ರೂಢಿ. ಅಲ್ಲಿಗೆ ಒಂದು ಲಕ್ಷದ ಒಂದು. ಹೊಸೆಯುವವರು ಹತ್ತು ಮಂದಿ. ಓಣಿಗೆಲ್ಲ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ ಆದ್ದರಿಂದ ಹಂಚಿಕೆ ನನ್ನದು. ಕಿವಿಯ ಮೇಲೆ ಪೆನ್ಸಿಲ್ ಇಟ್ಟ ಆ ಗತ್ತನ್ನು ನೀವು ನೋಡಬೇಕಿತ್ತು.

ಆಗ ನಮ್ಮ ಓಣಿಯವಳೇ ಒಬ್ಬಳು ಬಂದಳು. ಗಂಡ ತೀರಿ ಇನ್ನೂ ವರ್ಷವಾಗಿರಲಿಲ್ಲ.

“ಅಣ್ಣಾ, ನನ್ನೂ ಸೇರಿಸ್ಕಳ್ರಿ. ಹನ್ನೊಂದು ಮಂದಿ ಆದ್ರ ಸರಿಸಮ ಬರತೈತಿ.”

ಹೆಂಗಸರು ನನ್ನ ಮುಖ ನೋಡಿದರು. ಬೇಡ ಎನ್ನಲು ಅವರಿಗೂ ಬಾಯಿ ಬರಲಿಲ್ಲ, ನನಗೂ ಬರಲಿಲ್ಲ. ನಾನು ಲೆಕ್ಕದ ಹಿಂದೆ ಅಡಗಿಕೊಂಡೆ. ಎರಡು, ಮೂರು, ಐದು, ಏಳರಿಂದ ಭಾಗಿಸಿ ನೋಡಿ, ಅಲ್ಲಿಗೇ ನಿಲ್ಲಿಸಿ, “ಇದು ಅವಿಭಾಜ್ಯ ಸಂಖ್ಯೆ ಐತವ್ವಾ, ಎಷ್ಟು ಮಂದಿಗೂ ಸಮ ಹೋಗಂಗಿಲ್ಲ” ಎಂದೆ.

“ಯಾಕ ಹೋಗಂಗಿಲ್ರಿ? ಹನ್ನೊಂದು ಮಂದಿಗೆ ತಲಿಗೆ ಒಂಬತ್ತು ಸಾವಿರ ಅಂದ್ರ ತೊಂಬತ್ತೊಂಬತ್ತು ಸಾವಿರ ಆತು. ಉಳಿದಿದ್ದು ಸಾವಿರದ ಒಂದು. ಅದ್ರಾಗ ತಲಿಗೆ ತೊಂಬತ್ತೊಂದು.”

“ಲೆಕ್ಕ ಅಂದ್ರ ಹತ್ತಿ ಹೊಸದಂಗ ಅಲ್ಲ ತಂಗಿ,” ಎಂದು ನಕ್ಕೆ. ಎಲ್ಲರೂ ನಕ್ಕರು.

“ಆತು ಬಿಡ್ರಿ ಅಣ್ಣಾ, ಓದಿದೋರು ನೀವು,” ಎಂದು ಸೆರಗು ಕೊಡವಿಕೊಂಡು ಹೋದಳು.

ಹತ್ತು ಮಂದಿಗೆ ಹತ್ತತ್ತು ಸಾವಿರ ಹಂಚಿ, ಉಳಿದ ಒಂದನ್ನು ನಾನೇ ಹೊಸೆದೆ. ಅದು ಹಣತೆಯಲ್ಲಿ ಸೊಟ್ಟಗೆ ಬಿದ್ದು ಹೊತ್ತಲೇ ಇಲ್ಲ.

ಆಮೇಲೆ ಶಾಲೆಯಲ್ಲಿ ಕಲಿತ ಹನ್ನೊಂದರ ಪರೀಕ್ಷೆ ನೆನಪಾಯಿತು. ಒಂದು ಬಿಟ್ಟೊಂದು ಅಂಕಿ ಕೂಡಿದರೆ ಈ ಕಡೆಯೂ ಒಂದು, ಆ ಕಡೆಯೂ ಒಂದು, ವ್ಯತ್ಯಾಸ ಸೊನ್ನೆ. ಹನ್ನೊಂದರಿಂದ ನಿಶ್ಶೇಷವಾಗಿ ಹೋಗುತ್ತದೆ, ಆಕೆ ಹೇಳಿದಂತೆ ಒಂಬತ್ತು ಸಾವಿರದ ತೊಂಬತ್ತೊಂದು ಸಲ. ಹಟಕ್ಕೆ ಬಿದ್ದು ಅದನ್ನೂ ಒಡೆಯಲು ಅದರ ವರ್ಗಮೂಲ ಮುಟ್ಟುವ ತೊಂಬತ್ತೈದರವರೆಗೆ ಭಾಗಿಸುತ್ತ ಹೋದೆ. ಅದು ಜಪ್ಪಯ್ಯ ಎನ್ನಲಿಲ್ಲ. ಅಂದರೆ ಒಂದು ಲಕ್ಷದ ಒಂದನ್ನು ಸಮನಾಗಿ ಹಂಚಲು ಹನ್ನೊಂದು ಮಂದಿಯೇ ಬೇಕು. ಇಲ್ಲವಾದರೆ ಒಂಬತ್ತು ಸಾವಿರದ ತೊಂಬತ್ತೊಂದು ಮಂದಿ ಕೂತು ತಲಾ ಹನ್ನೊಂದು ಹೊಸೆಯಬೇಕು. ಅಷ್ಟು ಜನಕ್ಕೆ ಕೂಡ್ಲಿಗಿ ಸಂತೆಯ ಬಯಲೂ ಸಾಲದು. ಆ ಸಂಖ್ಯೆ ಆಕೆಗಾಗಿ ಜಾಗ ಹಿಡಿದುಕೊಂಡು ಕೂತಿತ್ತು. ಎಬ್ಬಿಸಿ ಕಳಿಸಿದವನು ನಾನು.

ಹರಪನಹಳ್ಳಿ ಬಸ್ಸಿನಲ್ಲಿ ಎರಡು ಸಲ ಸಿಕ್ಕಳು. ಒಮ್ಮೆ ಆಕೆಯೇ, “ಹೆಂಗದಾವ್ರಿ ಅಣ್ಣಾ ನಿಮ್ಮ ಲೆಕ್ಕ?” ಎಂದು ಕಣ್ಣಲ್ಲೇ ನಕ್ಕಳು. ನಾನು ಕಿಟಕಿಯಾಚೆಯ ಮೋಡ ತೋರಿಸಿದೆ.

ಈಗ ಚಿಗಟೇರಿಯಲ್ಲಿ ಮಗಳ ಹತ್ತಿರ ಇದ್ದಾಳಂತೆ. ನಾಳೆ ಹೋಗುವವನಿದ್ದೇನೆ. ಲೆಕ್ಕ ತಪ್ಪಿತ್ತು ಎಂದಷ್ಟೇ ಹೇಳಿದರೆ ಅದು ಎರಡನೆಯ ಸುಳ್ಳಾಗುತ್ತದೆ. ಗಂಡ ಸತ್ತವಳು ಬೇಡ ಎಂಬ ಅವರ ಮಾತನ್ನೂ ನನ್ನ ಮಾತನ್ನೂ ಅಂಕಿಯ ಬಾಯಿಂದ ಆಡಿಸಿದ್ದೆ. ಅದನ್ನು ಇದ್ದ ಹಾಗೆ ಹೇಳಬೇಕು. ಅಲ್ಲಿ ಹೋಗಿ ಮತ್ತೆ ಮೋಡ ತೋರಿಸಬಾರದೆಂದು ಇಲ್ಲೇ ನಿಮ್ಮೆದುರು ಒಮ್ಮೆ ಅಂದು ನೋಡುತ್ತೇನೆ: ತಪ್ಪು ನಂದು, ಕೊಟ್ರಮ್ಮ.