ಏಡಿಗೆ ಮಾರ್ಕೆಟ್ ಇಲ್ಲ

ಜಯಪುರದ ಧರ್ಮೇಶ್ ತನ್ನನ್ನು ಸಂಗೀತ ನಿರ್ಮಾಪಕ ಎಂದು ಕರೆದುಕೊಳ್ಳುತ್ತಿದ್ದ. ಬೇರೆ ಯಾರೂ ಹಾಗೆ ಕರೆಯದಿದ್ದುದರಿಂದ ಆ ಕೆಲಸವನ್ನೂ ಅವನೇ ಮಾಡಿಕೊಳ್ಳಬೇಕಾಗಿತ್ತು. ಶಿವಮೊಗ್ಗದ ಒಂದು ಆರ್ಕೆಸ್ಟ್ರಾದಲ್ಲಿ ನಾಲ್ಕು ವರ್ಷ ಸ್ಪೀಕರ್ ಡಬ್ಬ ಹೊತ್ತು, ಅದು ಮುಚ್ಚಿದ ಮೇಲೆ ಅವರ ಹಳೆಯ ಕೀಬೋರ್ಡನ್ನು ಬಗಲಲ್ಲಿಟ್ಟುಕೊಂಡು ಊರಿಗೆ ಬಂದ. ಅದು 2003ನೇ ಇಸವಿ. ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಅಸೆಂಬಲ್ ಮಾಡಿಸಿದ ಒಂದು ಕಂಪ್ಯೂಟರ್ ಇಟ್ಟು, ಇದು ಸ್ಟುಡಿಯೋ ಎಂದ.

ನಾನು ರಘುಪತಿ, ಅಲ್ಲಿ ತಬಲಾ ಬಾರಿಸುತ್ತಿದ್ದವನು. ಬಾರಿಸುವುದು ಎಂದರೆ ಹೆಚ್ಚೇನಿಲ್ಲ. ಧರ್ಮೇಶ್ ನನ್ನಿಂದ ನಾಲ್ಕು ಆವರ್ತ ಬಾರಿಸಿಕೊಂಡು, ಅದನ್ನೇ ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸಿ ಎಂಟು ಹಾಡಿಗೂ ಹಾಕುತ್ತಿದ್ದ. ದೇವರ ಹಾಡಿಗೂ ಅದೇ, ಮದುವೆ ಹಾಡಿಗೂ ಅದೇ. ಕೆಳಗೆ ಬಸ್ಸು ಹಾರನ್ ಹೊಡೆದಾಗಲೆಲ್ಲ ರೆಕಾರ್ಡಿಂಗ್ ನಿಲ್ಲುತ್ತಿತ್ತು. ಹಾರನ್ ನಿಂತು ಮತ್ತೆ ಶುರು ಮಾಡುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಈ ಮಧ್ಯೆ ಗೊಬ್ಬರದ ಘಾಟು ಮೇಲೇರಿ, ಹಾಡುವವರ ಗಂಟಲು ಕಟ್ಟುತ್ತಿತ್ತು. ಆ ಕಟ್ಟಿದ ಗಂಟಲಿಗೆ ಅವನು ‘ಫೀಲ್’ ಎನ್ನುತ್ತಿದ್ದ.

ಈ ಫೀಲ್ ಅತಿ ಹೆಚ್ಚಾಗಿದ್ದವರು ಶೃಂಗೇರಿ ಕಡೆಯ ತೋಟದ ಯಜಮಾನರಾದ ವಿಘ್ನೇಶ. ದಪ್ಪ ಮೀಸೆ, ದಪ್ಪ ದನಿ. ಶ್ರುತಿಗೂ ಅವರಿಗೂ ಮುಖಪರಿಚಯ ಕೂಡ ಇರಲಿಲ್ಲ. ಆದರೆ ಸಿ.ಡಿ. ತರುವ ಖರ್ಚು ಅವರದ್ದೇ ಆದ್ದರಿಂದ, ಪ್ರತಿ ಚರಣ ಮುಗಿದಾಗಲೂ ಧರ್ಮೇಶ್ ಕಣ್ಣು ಮುಚ್ಚಿ, “ಇದನ್ನು ಕಲಿಸಿ ಬರಿಸೋಕೆ ಆಗೋದಿಲ್ಲ ವಿಘ್ನೇಶಣ್ಣ” ಎನ್ನುತ್ತಿದ್ದ. ಅದೊಂದು ಮಾತಿನಲ್ಲಿ ಮಾತ್ರ ಅವನು ಸುಳ್ಳು ಹೇಳಲಿಲ್ಲ.

ಒಂದು ದಿನ ಬಸರೀಕಟ್ಟೆ ಕಡೆಯ ಜೀಪೊಂದು ಗೊಬ್ಬರಕ್ಕೆ ಬಂತು. ಅದರಲ್ಲಿ ಬಂದಿದ್ದ ಭೈರಮ್ಮ ಎಂಬ ಮುದುಕಿ, ಮೂಟೆ ತುಂಬುವವರೆಗೆ ಅಂಗಡಿಯ ಮೆಟ್ಟಿಲಲ್ಲಿ ಕೂತು ಏನೋ ಗುನುಗುತ್ತಿದ್ದಳು. ಧರ್ಮೇಶ್ ಕೇಳಿಸಿಕೊಂಡು ಕೆಳಗೆ ಓಡಿದ. ಅವನಿಗೆ ಕಿವಿ ಇರಲಿಲ್ಲ ಎಂದು ನಾನು ಹೇಳಲಾರೆ. ಕಿವಿ ಇದ್ದೂ ಹೀಗೆ ಮಾಡಿದ ಎನ್ನುವುದೇ ನನ್ನ ತಕರಾರು.

“ಅಜ್ಜಿ, ಮೇಲೆ ಬಂದು ಕೂತು ಅದನ್ನು ಹಾಡಿ. ಸಿ.ಡಿ. ಮಾಡ್ತೇನೆ.”

“ಅದು ನಟ್ಟಿ ಪದ ಮಾರಾಯ, ಗದ್ದೆ ನೆಡುವಾಗ ಹೇಳೋದು. ಕೂತು ಹಾಡೋದಲ್ಲ.”

“ಹಂಗಾದ್ರೆ ನಿಂತೇ ಹಾಡಿ.”

“ಬಗ್ಗಿ ಹಾಡೋದು.”

ಆಕೆ ಬಗ್ಗಿಯೇ ಹಾಡಿದಳು. ಮೈಕನ್ನು ಸ್ಟೂಲಿನ ಕಾಲಿಗೆ ಕಟ್ಟಿದೆವು. ಪದದಲ್ಲಿ ಹೊಸ ಮದುಮಗಳೊಬ್ಬಳು ಸಸಿ ನೆಡುವಾಗ ಕಾಲುಂಗುರ ಕಳೆದುಕೊಳ್ಳುತ್ತಾಳೆ. ಗದ್ದೆಯ ಏಡಿಯೊಂದು ಅದನ್ನು ಬಿಲಕ್ಕೆ ಒಯ್ದಿರುತ್ತದೆ. ಗದ್ದೆಯ ಅಂಚಿನಲ್ಲಿರುವ ನನ್ನ ಬಿಲ ಮುಚ್ಚುವುದಿಲ್ಲ ಎಂದು ಮಾತು ಕೊಟ್ಟರೆ ಉಂಗುರ ಕೊಡುತ್ತೇನೆ ಎನ್ನುತ್ತದೆ ಏಡಿ. ಬಿಲ ಮುಚ್ಚದಿದ್ದರೆ ಗದ್ದೆಯ ನೀರು ಸೋರಿ ಹೋಗುತ್ತದೆ, ಅತ್ತೆ ಬೈಯುತ್ತಾಳೆ. ಉಂಗುರವಿಲ್ಲದೆ ಹೋದರೂ ಬೈಯುತ್ತಾಳೆ. ಹುಡುಗಿಗೂ ಏಡಿಗೂ ನಲವತ್ತು ನಿಮಿಷ ಚೌಕಾಸಿ ನಡೆಯಿತು. ಅವತ್ತು ಬಸ್ಸಿನ ಹಾರನ್ ಕೇಳಿದ ನೆನಪು ನನಗಿಲ್ಲ.

ಆಕೆ ಹೋದ ಮೇಲೆ ಧರ್ಮೇಶ್, “ಹಾಡು ಚೆನ್ನಾಗಿದೆ, ತಾಳ ತಪ್ತದೆ” ಎಂದ.

“ತಪ್ಪಿಲ್ಲ. ಕೈಯಲ್ಲಿನ ಸಸಿ ಕಟ್ಟು ಮುಗಿದಾಗ ನಿಲ್ಲಿಸ್ತಾರೆ, ಇನ್ನೊಂದು ಕಟ್ಟು ಸಿಕ್ಕಿದಾಗ ಶುರು ಮಾಡ್ತಾರೆ” ಎಂದೆ.

“ಕೇಳೋರ ಮನೇಲಿ ಸಸಿ ಕಟ್ಟು ಇರೋದಿಲ್ಲ ರಘುಪತಿ. ಮತ್ತೆ ಆ ಏಡಿ. ಏಡಿಗೆ ಮಾರ್ಕೆಟ್ ಇಲ್ಲ.”

ಹಾಗಾಗಿ ಏಡಿ ಹೋಗಿ ಅಲ್ಲೊಬ್ಬ ಚೆಲುವ ಬಂದ. ನಲವತ್ತು ನಿಮಿಷ ನಾಲ್ಕಾಯಿತು. ಕಾಲುಂಗುರ ಕಳೆದುಕೊಂಡ ಮದುಮಗಳ ದುಃಖವನ್ನು ಮೀಸೆಯ ವಿಘ್ನೇಶ ಹಾಡಿದರು. ಹಿಂದೆ ನನ್ನ ಅದೇ ನಾಲ್ಕು ಆವರ್ತ ತಿರುಗಿತು. ನಾನು ಬೇಡ ಎನ್ನಲಿಲ್ಲ. ಧರ್ಮೇಶನನ್ನು ಇಷ್ಟು ಬೈಯುವಾಗ ಅದನ್ನೂ ಹೇಳಬೇಕು. ಸಿ.ಡಿ. ಹೊದಿಕೆಯ ಮೇಲೆ ‘ಸಾಹಿತ್ಯ, ಸಂಗೀತ, ನಿರ್ಮಾಣ: ಧರ್ಮೇಶ್’ ಎಂದು ದಪ್ಪಕ್ಷರ. ಹಿಂಬದಿಯ ಮೂಲೆಯಲ್ಲಿ, ಗೊಬ್ಬರದಂಗಡಿಯವರ ಜೊತೆಗೆ, ಭೈರಮ್ಮನಿಗೂ ಒಂದು ಕೃತಜ್ಞತೆ.

ಬಿಡುಗಡೆ ಸಮಾರಂಭ ಕೊಪ್ಪದ ಒಂದು ಸಭಾಭವನದಲ್ಲಿ. ಭೈರಮ್ಮನನ್ನು ಕರೆಸಿ ಶಾಲು ಹೊದಿಸಿದರು. ಆಮೇಲೆ ಹಾಡು ಹಾಕಿದರು. ಆಕೆ ನಾಲ್ಕೂ ನಿಮಿಷ ಗಮನವಿಟ್ಟು ಕೇಳಿದಳು.

“ಏಡಿ ಎಲ್ಲಿ?” ಎಂದಳು.

ಧರ್ಮೇಶ್ ನಕ್ಕು, “ಅಜ್ಜಿ ಈಗ ಎರಡು ಸಾಲು ಹಾಡ್ತಾರೆ” ಎಂದು ಮೈಕ್ ಕೊಟ್ಟ. ಆಕೆ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು, ವೇದಿಕೆಯ ಮೇಲೆ ಬಗ್ಗಿ ನಿಂತು ಶುರು ಮಾಡಿದಳು. ಇವನು ಓಡಿ ಹೋಗಿ ಕೀಬೋರ್ಡಿನ ತಾಳ ಹಾಕಿದ. ಸ್ವಲ್ಪ ಹೊತ್ತು ಪದವೂ ತಾಳವೂ ಅಕ್ಕಪಕ್ಕದ ದಾರಿಯಲ್ಲಿ ನಡೆದವು. ಸಸಿ ಕಟ್ಟು ಮುಗಿದ ಜಾಗದಲ್ಲಿ ಆಕೆ ನಿಂತಳು. ಕೀಬೋರ್ಡು ಮಾತ್ರ ಡಬಡಬ ಎನ್ನುತ್ತ ಮುಂದೆ ಹೋಯಿತು. ಜನ ನಗತೊಡಗಿದರು.

“ಅದನ್ನು ಸ್ವಲ್ಪ ಸುಮ್ಮನಿರಿಸು ತಮ್ಮ. ಏಡಿ ಮಾತಾಡ್ತಾ ಇದೆ” ಎಂದಳು ಭೈರಮ್ಮ.

ಅವನು ಆಫ್ ಮಾಡಿದ. ಆಕೆ ಪೂರ್ತಿ ಹಾಡಿದಳು. ಮುಖ್ಯ ಅತಿಥಿಗಳಿಗೆ ನರಸಿಂಹರಾಜಪುರದ ಬಸ್ಸು ತಪ್ಪಿತು, ಆದರೂ ಅವರು ಎದ್ದು ಹೋಗಲಿಲ್ಲ. ಎದ್ದು ಹೋದದ್ದು ವಿಘ್ನೇಶ ಒಬ್ಬರೇ.

ಮುಗಿದ ಮೇಲೆ ಜನ ಬಂದು, “ಆ ಅಜ್ಜಿ ಹಾಡಿದ್ದು ಕೊಡಿ” ಎಂದರು. ಆಕೆಯ ರೆಕಾರ್ಡಿಂಗ್ ಎಲ್ಲಿ ಎಂದು ನಾನು ಕೇಳಿದೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅಳಿಸಿಬಿಟ್ಟಿದ್ದನಂತೆ. ವಿಘ್ನೇಶರ ಹನ್ನೊಂದು ಪ್ರಯತ್ನಗಳನ್ನು ಮಾತ್ರ ಜೋಪಾನವಾಗಿ ಇಟ್ಟಿದ್ದ.

ಮುಂದಿನ ನಟ್ಟಿಯ ಹೊತ್ತಿಗೆ, ಮತ್ತೆ ರೆಕಾರ್ಡ್ ಮಾಡಲೆಂದು, ನಾನೂ ಧರ್ಮೇಶನೂ ಬಸರೀಕಟ್ಟೆಗೆ ಹೋದೆವು. ಮೊದಲು ಒಂದು ಸಾಲು ನೆಡು, ಆಮೇಲೆ ಹಾಡುತ್ತೇನೆ ಎಂದಳು ಭೈರಮ್ಮ. ಪ್ಯಾಂಟು ಮಡಚಿ ಕೆಸರಿಗಿಳಿದ ಧರ್ಮೇಶ್ ನೆಟ್ಟ ಸಾಲು ಎತ್ತಲೋ ಹೋಯಿತು. ಹಿಂದೆ ಬರುತ್ತಿದ್ದ ಹೆಂಗಸರು ನಗುತ್ತ ಅವನು ನೆಟ್ಟದ್ದನ್ನೆಲ್ಲ ಕಿತ್ತು ಮತ್ತೆ ನೆಟ್ಟರು. ಆ ನಗುವೂ ನೀರಿನ ಸದ್ದೂ ಪದವೂ ಸೇರಿ ಎಂಥ ರೆಕಾರ್ಡಿಂಗ್ ಆಯಿತೆಂದರೆ, ವಾಪಸು ಬರುವಾಗ ನಾನು ಅವನ ಬಗ್ಗೆ ನನ್ನ ಅಭಿಪ್ರಾಯ ಬದಲಿಸಿಕೊಳ್ಳಬೇಕೇನೋ ಎಂದುಕೊಂಡೆ.

ಬದಲಿಸಿಕೊಳ್ಳಬೇಕಾಗಿ ಬರಲಿಲ್ಲ. ಹದಿನೈದು ದಿನದಲ್ಲಿ ಎರಡನೇ ಸಿ.ಡಿ. ಬಂತು. ನಗು ಕತ್ತರಿಸಿದ್ದ, ನೀರು ಅಳಿಸಿದ್ದ. ಭೈರಮ್ಮನ ದನಿ ಬಾವಿಯೊಳಗಿಂದ ಬಂದಂತೆ ಎಕೋ ಹಾಕಿದ್ದ. ಈ ಸಲ ಏಡಿಗೆ ಮಾರ್ಕೆಟ್ ಬಂದಿತ್ತಲ್ಲ, ಅದರ ಮಾತುಗಳನ್ನು ವಿಘ್ನೇಶರಿಂದ ಹಾಡಿಸಿ, ಕಂಪ್ಯೂಟರಿನಲ್ಲಿ ಹಿಗ್ಗಾಮುಗ್ಗಾ ಎಳೆದು ಕೀರಲು ದನಿ ಮಾಡಿದ್ದ. ನಾನು ತಬಲಾ ಎತ್ತಿಕೊಂಡು ಕೆಳಗಿಳಿದೆ. ಅವನು ತಡೆಯಲೂ ಇಲ್ಲ. ನಾಲ್ಕು ಆವರ್ತ ಅವನಲ್ಲೇ ಇತ್ತಲ್ಲ.

ಕೆಲವು ತಿಂಗಳ ನಂತರ ಜಯಪುರದ ಹೋಟೆಲೊಂದರಲ್ಲಿ ನಾವಿಬ್ಬರೂ ಎದುರಾದಾಗ ಬಸರೀಕಟ್ಟೆ ಜೀಪಿನ ಡ್ರೈವರ್ ಮಾರಪ್ಪ ಅಲ್ಲಿಗೆ ಬಂದ. ಊರಿಗೆ ಹೋಗುವಾಗ ಆ ಎರಡನೇ ಸಿ.ಡಿ. ಹಾಕಿದ್ದನಂತೆ. ಹಿಂದಿನ ಸೀಟಿನಲ್ಲಿ ಭೈರಮ್ಮ ಕೂತಿದ್ದಳಂತೆ.

“ಅದ್ಯಾರೋ ಪಾಪ, ಬಾವಿಗೆ ಬಿದ್ದು ಅರಚ್ಕೊಳ್ತಾ ಇದ್ದಾರೆ, ತಲೆ ನೋಯ್ತದೆ, ಆಫ್ ಮಾಡು ಅಂದ್ರು” ಎಂದ ಮಾರಪ್ಪ.

ಧರ್ಮೇಶ್ ಕಾಫಿ ಲೋಟ ಕೆಳಗಿಟ್ಟ.

“ನಿನ್ನ ಜೀಪಿಗೆ ಯಾವ ಸ್ಪೀಕರ್ ಹಾಕ್ಸಿದ್ದೀಯ ಮಾರಾಯ?” ಎಂದ.