ಎರಡನೆಯ ಕಿಟಕಿ

ರೇಡಿಯೋ ಅಕ್ಕನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂಬುದು ಇಡೀ ಬೀದಿಗೇ ಗೊತ್ತಿದ್ದ ಸಂಗತಿ. ಯಾರ ಮನೆಯಲ್ಲಿ ಜಗಳ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲವೂ ಸಂಜೆಯೊಳಗೆ ಮೂಲೆಮನೆಯವರೆಗೂ ಮುಟ್ಟುತ್ತಿತ್ತು. ಕೆಟ್ಟ ಹೆಂಗಸಲ್ಲ, ಪಾಪ. ಸುದ್ದಿ ಹೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ, ಅಷ್ಟೇ.

ಗುಮಾಸ್ತೆಯಾಗಿದ್ದ ಇಂಥವಳನ್ನು ಸರ್ಕಾರ ಹೊಸ ಮಾಹಿತಿ ಆಯೋಗದ ಕಚೇರಿಗೆ ವರ್ಗ ಮಾಡಿತು. ಹಳೆಯ ಅಂಚೆ ಕಚೇರಿಯ ಮಹಡಿ. ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ. ಅಲ್ಲಿ ಎರಡು ಕಿಟಕಿ. ಸರ್ಕಾರ ಬಚ್ಚಿಟ್ಟದ್ದನ್ನು ತಿಳಿಯಬೇಕೆನ್ನುವವರು ಮೊದಲನೆಯದಕ್ಕೆ. ಯಾವುದೋ ಕಚೇರಿಯಿಂದ ತಮ್ಮ ಗುಟ್ಟು ಸೋರಿಹೋಯಿತೆಂದು ದೂರು ಕೊಡುವವರು ಎರಡನೆಯದಕ್ಕೆ. ಎರಡನೆಯದರ ಹಿಂದೆ ರೇಡಿಯೋ ಅಕ್ಕ ಅರ್ಜಿ ತೆಗೆದುಕೊಂಡು ಸೀಲು ಒತ್ತುತ್ತಾ ಕೂತಳು.

"ಹಾಲಿಗೆ ಬೆಕ್ಕಿನ ಕಾವಲು!" ಎಂದು ಮನೆಯಲ್ಲಿ ಅವಳ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸದ್ಯ, ಊರಿಗೆ ಪೇಪರ್ ಖರ್ಚು ಉಳೀತು," ಅಂದ ಗಂಡ. ರೇಡಿಯೋ ಅಕ್ಕನೂ ನಕ್ಕಳು.

ಒಂದು ಬೆಳಿಗ್ಗೆ ಎದುರುಮನೆಯ ಟೈಲರಮ್ಮ ಮೆಟ್ಟಿಲು ಹತ್ತಿ ಬಂದಳು. ನೇರವಾಗಿ ಎರಡನೆಯ ಕಿಟಕಿಗೇ ಬಂದವಳು, ಒಳಗೆ ಕೂತವಳನ್ನು ಕಂಡು ಹಾವು ತುಳಿದವಳಂತೆ ನಿಂತಳು. "ದಾರಿ ತಪ್ಪಿ ಬಂದೆ," ಎಂದು ಗೊಣಗಿ, ಬಂದ ಹಾಗೇ ಇಳಿದು ಹೋದಳು.

ರೇಡಿಯೋ ಅಕ್ಕನಿಗೆ ಮೊದಲು ನಾಲಿಗೆ ತುರಿಸಿತು. ಟೈಲರಮ್ಮನ ಗುಟ್ಟು ಸೋರಿದ್ದೆಲ್ಲಿಂದ? ಆಸ್ಪತ್ರೆಯಿಂದಲೋ, ಕೋರ್ಟಿನಿಂದಲೋ? ಆಮೇಲೆ ವಿಷಯ ಹೊಳೆಯಿತು. ನ್ಯಾಯ ಕೇಳಲು ಬಂದವಳು ತನ್ನ ಮುಖ ನೋಡಿ ಹಿಂದಕ್ಕೆ ಹೋಗಿದ್ದಾಳೆ. ದೂರು ಕೊಡದಿದ್ದರೆ ಸೋರಿದ್ದು ಸೋರುತ್ತಲೇ ಇರುತ್ತದೆ. ಊರಲ್ಲಿ ಅದನ್ನು ಕೇಳುವುದಕ್ಕೆ ಇರುವುದು ಇದೊಂದೇ ಕಿಟಕಿ, ಅದಕ್ಕೆ ತಾನೇ ಅಡ್ಡ ಕೂತಿದ್ದೇನೆ! ಅವಳಿಗೆ ವಿಪರೀತ ನಾಚಿಕೆಯಾಯಿತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲೂ ಮನಸ್ಸು ಬರಲಿಲ್ಲ.

ಸಂಜೆ ಅತ್ತಿಗೆ ಎಂದಿನಂತೆ, "ಏನಮ್ಮಾ, ಇವತ್ತಿನ ವಾರ್ತೆ?" ಎಂದಾಗ, "ಏನೂ ಇಲ್ಲ ಅತ್ತಿಗೆ, ತಲೆನೋವು," ಎಂದು ಮಲಗಿಬಿಟ್ಟಳು. ಮರುದಿನವೂ ಅದೇ. ಹೇಳದೆ ಹೇಳದೆ ಹೊಟ್ಟೆ ಉಬ್ಬರಿಸಿತು, ಆದರೂ ಬಾಯಿ ಬಿಡಲಿಲ್ಲ. ಜ್ವರವೇನಾದರೂ ಬಂದಿದೆಯೋ ಎಂದು ಗಂಡ ಹಣೆ ಮುಟ್ಟಿ ನೋಡಿದ.

ಮುಂದಿನ ವಾರ ಹೊಲಿಗೆ ಬಿಟ್ಟ ದಿಂಬಿನ ಕವರೊಂದನ್ನು ನೆಪ ಮಾಡಿಕೊಂಡು ಎದುರುಮನೆಗೆ ಹೋದಳು.

"ಬುಧವಾರ ನಾನು ರಜಾ ಹಾಕ್ತೀನಿ," ಅಂದಳು, ತಲೆಯೆತ್ತದೆ. "ನನ್ನ ಜಾಗದಲ್ಲಿ ಬೇರೆಯವರು ಇರ್ತಾರೆ. ನಿಮ್ಮ ಗುರುತು ಪರಿಚಯ ಇಲ್ಲದವರು. ಆವತ್ತು ಬಂದು ಕೊಟ್ಟು ಹೋಗಿ."

ಟೈಲರಮ್ಮ ಮಿಷನ್ ತುಳಿಯುವುದನ್ನು ನಿಲ್ಲಿಸಿದಳು.

"ದಿನಾ ಕಾಯ್ತಿದ್ದೆ ಅಕ್ಕಾ, ಈಗ ಯಾರಾದ್ರೂ ಬಂದು ಕೇಳ್ತಾರೆ, ಆಗ ಕೇಳ್ತಾರೆ ಅಂತ. ನಾನು ಅಲ್ಲಿಗೆ ಬಂದಿದ್ದೆ ಅನ್ನೋದೇ ಯಾರಿಗೂ ಗೊತ್ತಿಲ್ಲ."

ರೇಡಿಯೋ ಅಕ್ಕ ಕವರನ್ನು ಮಿಷನ್ ಮೇಲಿಟ್ಟು ಹೊರಡಲು ತಿರುಗಿದಳು.

"ರಜಾ ಹಾಕ್ಬೇಡಿ. ಅರ್ಜಿ ಬರೆಯೋಕೆ ನನಗೆ ಬರಲ್ಲ. ಎಲ್ಲಾ ಹೇಳ್ತೀನಿ, ನೀವೇ ಬರ್ಕೊಡಿ," ಎಂದು ಟೈಲರಮ್ಮ ಎದ್ದು ಬಾಗಿಲು ಹಾಕಿದಳು.

ಒಳಗೆ ಏನು ಮಾತಾಯಿತು? ಅತ್ತಿಗೆ ಕೇಳಿದಳು, ಗಂಡ ಕೇಳಿದ. ಸುಳ್ಳೇಕೆ, ಬೀದಿಯವರು ನಾವೂ ಹೋಗಿ ಕೇಳಿದೆವು. ರೇಡಿಯೋ ಅಕ್ಕನ ಕಣ್ಣು ಅತ್ತು ಕೆಂಪಾಗಿತ್ತು.

"ಕವರ್ ಹೊಲಿಸ್ಕೊಂಡು ಬಂದೆ," ಅಂದಳು.