ವೀಕ್ ಅಂದರೆ ಯಾರು ಏಳಬೇಕು

ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಇಂಗ್ಲಿಷಿನ ಗುಣವಾಚಕ ಕಲಿಸುವ ಪದ್ಧತಿಯೇ ಬೇರೆ. ಮಾಸ್ತರರು ಬೋರ್ಡಿನ ಮೇಲೆ ಪದ ಬರೆದು, ಅದಕ್ಕೆ ತಕ್ಕ ಮಗುವನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಟಾಲ್ ಅಂದರೆ ಎತ್ತರದವನು ಏಳಬೇಕು, ಫ್ಯಾಟ್ ಅಂದರೆ ದಪ್ಪಗಿರುವವಳು. ಹೀಗೆ ಮಾಡಿದರೆ ಅರ್ಥ ತಲೆಗೆ ಹತ್ತುತ್ತದಂತೆ. ಹತ್ತುತ್ತದೆ, ಖರೆ. ಎದ್ದು ನಿಂತ ಮಗುವಿನ ಎದೆಗೆ ಏನು ಹತ್ತಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕುರ್ತಕೋಟಿಯ ನೀಲಾ ಹಾಗೆ ನಿಂತು ಬೆಳೆದವಳು. ಓದಿನಲ್ಲಿ ಹಿಂದಿದ್ದ ಅವಳ ಪಾಲಿಗೆ ಬಂದ ಪದ ವೀಕ್. ಅಂದರೆ ಬಲ ಸಾಲದ್ದು, ಗಟ್ಟಿ ಇಲ್ಲದ್ದು. ಕೊನೆಕೊನೆಗೆ ಅವಳನ್ನು ಕರೆಯುವ ಅಗತ್ಯವೇ ಇರಲಿಲ್ಲ; ಪದ ಕಿವಿಗೆ ಬಿದ್ದರೆ ತಾನೇ ಏಳುತ್ತಿದ್ದಳು. ಮೊದಲ ಸಲ ಮನೆಗೆ ಬಂದು ತಾನು ವೀಕ್ ಅಂತೆ ಎಂದಾಗ, ಕಂಡವರ ಹೊಲದಲ್ಲಿ ಕಳೆ ತೆಗೆದು ದಣಿದು ಬಂದಿದ್ದ ತಾಯಿ ಹನಮಂತವ್ವ ಮಗಳಿಗೆ ಊಟ ಸಾಲುತ್ತಿಲ್ಲವೆಂದುಕೊಂಡು ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಶಾಲೆಗಿಂತ ಆ ತಾಯಿಗೇ ಪದದ ಬಳಕೆ ಚೆನ್ನಾಗಿ ಗೊತ್ತಿತ್ತು ಅನ್ನಬೇಕು.

ಅದೇ ನೀಲಾ ಮುಂದೆ ಬಿ.ಇಡಿ. ಮಾಡಿಕೊಂಡಳು. ಗದಗ, ಮುಂಡರಗಿ, ಶಿರಹಟ್ಟಿ ಎಂದು ತಿರುಗುತ್ತ, ಹೆರಿಗೆ ರಜೆಯ ಮೇಲೆ ಹೋದವರ ಜಾಗದಲ್ಲಿ ಪಾಠ ಮಾಡಿ, ಅವರು ಬಂದ ಕೂಡಲೇ ಎದ್ದು ಬರುವುದರಲ್ಲೇ ವರ್ಷಗಳು ಕಳೆದವು. ತನ್ನದು ಅನ್ನುವ ಒಂದು ತರಗತಿ ಸಿಗಲಿಲ್ಲ. ಈ ಜೂನಿನಲ್ಲಿ ಲಕ್ಷ್ಮೇಶ್ವರದ ಒಂದು ಖಾಸಗಿ ಶಾಲೆಯಿಂದ ಕರೆ ಬಂತು. ಒಂದು ಪಾಠ ಮಾಡಿ ತೋರಿಸಬೇಕು. ಮನಸ್ಸಿಗೆ ಬಂದರೆ ಕಾಯಂ.

ಹೆಡ್ಮಾಸ್ತರ ಸುಭಾಷ ಸರ್ ತರಗತಿಯ ಹಿಂದೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಪದ ಅವರೇ ಕೊಟ್ಟರು: ವೀಕ್. ಬರೀ ಅರ್ಥ ಹೇಳಿದರೆ ಆಗದು, ಹುಡುಗರನ್ನೇ ಉದಾಹರಣೆ ಮಾಡಿ ಕಲಿಸಬೇಕು ಎಂದೂ ಹೇಳಿದರು.

ನೀಲಾ ಪದ ಬರೆದು ತಿರುಗುವಷ್ಟರಲ್ಲಿ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. ನೇತ್ರಾ ಅಂತ ಹೆಸರು. ಯಾರೂ ಕರೆದಿರಲಿಲ್ಲ. ಉಳಿದ ಮಕ್ಕಳು ತಿರುಗಿ ಕೂಡ ನೋಡಲಿಲ್ಲ, ಅವರಿಗದು ದಿನದ ನೋಟ. ಸರ್ ಅದೇ ಸರಿ ಎಂಬಂತೆ ತಲೆಯಾಡಿಸಿದರು. ನೀಲಾ ಆ ಹುಡುಗಿಯತ್ತ ಕೈ ಮಾಡಿದ್ದರೆ ಕೆಲಸ ಅವಳದಾಗುತ್ತಿತ್ತು.

"ನೀ ಯಾಕ ಎದ್ದಿ ತಂಗಿ?"

"ನಾ ವೀಕ್ ಅದೀನ್ರಿ ಟೀಚರ್."

"ನಂಗೇನ್ ಹಂಗ ಕಾಣವಲ್ದು. ಕುಂಡ್ರು. ಈ ಖೋಲ್ಯಾಗ ವೀಕ್ ಇರೂದು ಏನೇನೈತಿ, ಎಲ್ಲಾರೂ ಹುಡುಕ್ರಿ. ಮನಷ್ಯಾರನ್ನ ಬಿಟ್ಟು."

ಮಕ್ಕಳಿಗೆ ಹುರುಪು ಬಂತು. ಕಿಟಕಿಯ ಕೊಂಡಿ ಸಿಕ್ಕಿತು, ಬಾಗಿಲ ಚಿಲಕ ಸಿಕ್ಕಿತು. ಒಂದೊಂದಕ್ಕೂ ನೀಲಾ ವಾಕ್ಯ ಕಟ್ಟಿಸಿದಳು. ವೀಕ್ ಇದ್ದದ್ದನ್ನು ಏನು ಮಾಡಬೇಕು ಎಂದು ಕೇಳಿ, ಸ್ಟ್ರಾಂಗ್ ಎಂಬ ಪದವನ್ನೂ ಅದರ ಪಕ್ಕದಲ್ಲೇ ಬರೆದಳು. ಸರ್ ಗಡಿಯಾರ ನೋಡತೊಡಗಿದ್ದರು. ಆಗ ನೇತ್ರಾ ಕುಳಿತಲ್ಲಿಂದಲೇ ಸಣ್ಣ ದನಿಯಲ್ಲಿ ಹೇಳಿದಳು:

"ದಿಸ್ ಬೆಂಚ್ ಈಸ್ ವೀಕ್, ಟೀಚರ್."

ಹೌದು. ಒಂದು ಕಾಲು ಸೀಳಿತ್ತು, ಕೆಳಗೆ ಕಲ್ಲು ಕೊಟ್ಟಿದ್ದರು. ಓದಿನಲ್ಲಿ ಹಿಂದಿದ್ದ ಮಕ್ಕಳನ್ನು ಹಿಂದೆ ಕೂರಿಸಿ, ಮುರುಕು ಬೆಂಚನ್ನೂ ಅವರಿಗೇ ಕೊಟ್ಟಿದ್ದರು. ಬೆಂಚಿಗೆ ಯಾರೂ ವೀಕ್ ಅನ್ನಲಿಲ್ಲ. ಅದರ ಮೇಲೆ ಅಲುಗಾಡುತ್ತ ಅಕ್ಷರ ತಿದ್ದುವ ಮಗುವಿಗೆ ಅಂದರು. ಇದಕ್ಕೆ ಶಿಕ್ಷಣ ಎಂದು ಹೆಸರು.

ತಾವು ಹೇಳಿದಂತೆ ಪಾಠ ಆಗಲಿಲ್ಲ ಎಂದರು ಸುಭಾಷ ಸರ್.

"ಆಗಂಗಿಲ್ರಿ ಸರ್," ಎಂದಳು ನೀಲಾ. "ಆ ಉದಾಹರಣಿ ಆಗಿ ನಿಂತಾಕಿ ನಾನು. ನನ್ನ ಕ್ಲಾಸಿನ್ಯಾಗ ಯಾರೂ ಹಂಗ ನಿಂದ್ರೂದಿಲ್ಲ. ಕೆಲಸ ಕೊಡೂದು ಬಿಡೂದು ನಿಮಗ ಬಿಟ್ಟದ್ದು."

ಸರ್ ಎದ್ದು ಬಂದು ಬೆಂಚಿನ ಮೇಲೆ ಕೈಯೂರಿದರು. ಅದು ವಾಲಿತು. ಜವಾನ ಯಂಕಪ್ಪನನ್ನು ಕೂಗಿದರು.

"ಹ್ವಾದ ವರ್ಷನ ಹೇಳಿದ್ನೆಲ್ರಿ ಸರ್," ಎನ್ನುತ್ತ ಅವನು ಸುತ್ತಿಗೆ ತಂದ.

ಸರ್ ಕ್ಷಮೆ ಕೇಳಲಿಲ್ಲ. ಅಂಥ ದಿನ ಇನ್ನೂ ದೂರವಿದೆ. ಆದರೆ ಬಾಗಿಲ ತನಕ ಹೋದವರು ನಿಂತು, "ಆ ಹುಡುಗಿ ಬಾಯಾಗ ಇಂಗ್ಲಿಷ್ ಕೇಳಿದ್ದು ಇವತ್ತ ಮದ್ಲು. ಸೋಮವಾರ ಬರ್ರಿ," ಎಂದರು.

ನೀಲಾ ಬೋರ್ಡು ಒರೆಸಲು ಹೋದವಳು ತಿರುಗಿ ನೋಡಿದಳು. ನೇತ್ರಾ ಮತ್ತೆ ಎದ್ದು ನಿಂತಿದ್ದಳು, ಪಕ್ಕದ ಇಬ್ಬರೂ ಎದ್ದಿದ್ದರು. ಯಂಕಪ್ಪ ಬೆಂಚನ್ನು ಮಗುಚಿ ಹಾಕಿ ಮೊಳೆ ಹೊಡೆಯುತ್ತಿದ್ದ. ಬೆಂಚು ಅಲುಗದಂತೆ ಅದರ ಇನ್ನೊಂದು ಕಾಲನ್ನು ನೇತ್ರಾ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.